ಬಿಸಿನೀರಿನ ಕೊಳವೆ, ದರಪಟ್ಟಿ ಮತ್ತು ಸರ್ಕಾರ: ಸಂಕ್ರಮಣ ಆರ್ಥಿಕತೆಯ ದೇಶಗಳಲ್ಲಿ ಸಮೂಹ ಶಾಖ ಪೂರೈಕೆಯ ನೀತಿ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಕೊನೆಯಲ್ಲಿ ಸಂವಾದದ ಆಯ್ದ ಭಾಗವನ್ನು ಸೇರಿಸಲಾಗಿದೆ.)



ಇವತ್ತಿನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯ ಆಗಿರಬಹುದು. ಕನ್ನಡ ಎಂ.ಎ. ಓದುವವರಿಗೂ ಪೋಲೆಂಡ್, ಅರ್ಮೇನಿಯಾದ ಮನೆಗಳನ್ನು ಬೆಚ್ಚಗಿಡುವ ಕೊಳವೆಗಳಿಗೂ ಏನು ಸಂಬಂಧ? ಗಡಿನಾಡಿನಲ್ಲಿ ಓದಿದ ನಮಗೆ ಕನ್ನಡ ಅಂದರೆ ಕಥೆ, ಕವಿತೆ, ಯಕ್ಷಗಾನ. ದರಪಟ್ಟಿ, ಕಾಯಿದೆ, ಸಬ್ಸಿಡಿ ಅಂತ ಬಂದ ಕೂಡಲೇ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಬೇಕಾಗ್ತದೆ. ನೀತಿಯ ಬಗ್ಗೆ ಮಾತಾಡಲಿಕ್ಕೆ ಬಳಸದ ಭಾಷೆ ಹಬ್ಬಕ್ಕೆ ಉಡುವ ಸೀರೆಯ ಹಾಗೆ ಪೆಟ್ಟಿಗೆಯಲ್ಲೇ ಉಳೀತದೆ. ಹಾಗಾಗಿ ನಮ್ಮಿಂದ ದೂರದ, ಆದರೆ ಕೋಟಿಗಟ್ಟಲೆ ಜನರ ಚಳಿಗಾಲವನ್ನು ನಿರ್ಧರಿಸುವ ಒಂದು ನೀತಿಯ ಪ್ರಶ್ನೆಯನ್ನು ಕನ್ನಡದಲ್ಲಿ ಬಿಡಿಸಿ ನೋಡುವ ಪ್ರಯತ್ನ ಇದು.

1. ಮೊದಲು ಹೆಸರಿನ ತೊಡಕು

ಇಂಗ್ಲಿಷಿನ 'ಡಿಸ್ಟ್ರಿಕ್ಟ್ ಹೀಟಿಂಗ್' ಎಂಬುದನ್ನು 'ಜಿಲ್ಲಾ ತಾಪನ' ಎಂದು ಅನುವಾದಿಸಿದರೆ ಜಿಲ್ಲಾಧಿಕಾರಿಗಳ ಕಚೇರಿ ನೆನಪಾಗ್ತದೆಯೇ ಹೊರತು ವಿಷಯ ತಿಳಿಯುವುದಿಲ್ಲ. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ ಅಲ್ಲ. ಒಂದು ಬಡಾವಣೆ, ಕೆಲವು ಸಲ ಇಡೀ ನಗರ. ಒಂದು ಕಡೆ ನೀರು ಕಾಯಿಸಿ ನೂರಾರು ಕಟ್ಟಡಗಳಿಗೆ ಹಂಚುವ ಏರ್ಪಾಡು ಇದು. ಆದ್ದರಿಂದ ನಾನು 'ಸಮೂಹ ಶಾಖ ಪೂರೈಕೆ' ಎಂಬ ಮಾತನ್ನು ಬಳಸ್ತೇನೆ.

ಎರಡನೆಯದು 'ಸಂಕ್ರಮಣ ಆರ್ಥಿಕತೆ'. ನಮಗೆ ಸಂಕ್ರಮಣ ಅಂದರೆ ಮಕರ ಸಂಕ್ರಮಣ, ಸಾಹಿತ್ಯ ಓದಿದವರಿಗೆ ಧಾರವಾಡದ ಪತ್ರಿಕೆ. ಇಲ್ಲಿ ಅದರ ಅರ್ಥ ಬೇರೆ. ಉತ್ಪಾದನೆ, ಬೆಲೆ, ಹಂಚಿಕೆ ಎಲ್ಲವನ್ನೂ ಸರ್ಕಾರವೇ ಯೋಜಿಸುತ್ತಿದ್ದ ಸ್ಥಿತಿಯಿಂದ ಮಾರುಕಟ್ಟೆಯ ಕಡೆಗೆ ಹೊರಟ ದೇಶಗಳಿಗೆ ಈ ಹೆಸರು. 1989ರಿಂದ 1991ರ ನಡುವೆ ಪೂರ್ವ ಯುರೋಪು ಮತ್ತು ಹಿಂದಿನ ಸೋವಿಯತ್ ಒಕ್ಕೂಟದ ದೇಶಗಳು ಈ ದಾರಿ ಹಿಡಿದವು. ಸೂರ್ಯನ ಸಂಕ್ರಮಣ ಒಂದು ದಿನದಲ್ಲಿ ಮುಗೀತದೆ. ಶಾಖ ಪೂರೈಕೆಯ ಸಂಕ್ರಮಣ ಮೂವತ್ತು ವರ್ಷ ದಾಟಿದರೂ ಹಲವು ಕಡೆ ಮುಗಿದಿಲ್ಲ.

2. ವ್ಯವಸ್ಥೆ ಹೇಗೆ ನಡೆಯುತ್ತದೆ

ನಮ್ಮ ಕಡೆ ಬಚ್ಚಲ ಒಲೆಯ ಮೇಲೆ ಒಂದು ಹಂಡೆ ಇಟ್ಟರೆ ಮನೆಮಂದಿಗೆಲ್ಲ ಬಿಸಿನೀರು ಆಗ್ತದೆ. ಒಬ್ಬೊಬ್ಬರಿಗೆ ಒಂದೊಂದು ಒಲೆ ಹಚ್ಚುವುದಿಲ್ಲ. ಸಮೂಹ ಶಾಖ ಪೂರೈಕೆ ಇದೇ ಲೆಕ್ಕಾಚಾರದ ದೊಡ್ಡ ರೂಪ. ಊರಿನ ಒಂದು ಬದಿಯಲ್ಲಿ ದೊಡ್ಡ ಬಾಯ್ಲರ್ ಇಲ್ಲವೇ ಉಷ್ಣ ವಿದ್ಯುತ್ ಸ್ಥಾವರ ಇರುತ್ತದೆ. ಅಲ್ಲಿ ಕಾಯಿಸಿದ ನೀರನ್ನು, ಕಡು ಚಳಿಯ ದಿನಗಳಲ್ಲಿ ಒತ್ತಡದಲ್ಲಿಟ್ಟು 100 ಡಿಗ್ರಿಗೂ ಮೇಲೆ ಕಾಯಿಸಿ, ಹೊದಿಕೆ ಹಾಕಿದ ದಪ್ಪ ಕೊಳವೆಗಳಲ್ಲಿ ಕಳಿಸುತ್ತಾರೆ. ಬಡಾವಣೆಯ ಅಥವಾ ಕಟ್ಟಡದ ಉಪಕೇಂದ್ರದಲ್ಲಿ ಅದರ ಶಾಖವನ್ನು ಒಳಗಿನ ಕೊಳವೆಗಳಿಗೆ ದಾಟಿಸುತ್ತಾರೆ. ಪ್ರತಿ ಕೋಣೆಯ ಗೋಡೆಯಲ್ಲಿರುವ ರೇಡಿಯೇಟರಿನಲ್ಲಿ ಆ ನೀರು ಹರಿದು, ತಣಿದು, ಮತ್ತೆ ಸ್ಥಾವರಕ್ಕೆ ಮರಳುತ್ತದೆ.

ಇದರ ದೊಡ್ಡ ಲಾಭ ಎಲ್ಲಿದೆ ಎಂದರೆ, ಬರೀ ವಿದ್ಯುತ್ ಮಾಡುವ ಹಳೆಯ ಮಾದರಿಯ ಕಲ್ಲಿದ್ದಲು ಸ್ಥಾವರದಲ್ಲಿ ಇಂಧನದ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದು ಬಿಸಿಯಾಗಿ ಗಾಳಿಗೆ, ನದಿಗೆ ಹೋಗ್ತದೆ. ಆ ಬಿಸಿಯನ್ನು ಮನೆಗಳಿಗೆ ಹರಿಸಿದರೆ ಇಂಧನದ ಶೇ. 80ಕ್ಕೂ ಹೆಚ್ಚು ಶಕ್ತಿಯನ್ನು ಬಳಸಿಕೊಳ್ಳಬಹುದು. ಸೊಲ್ಲಾಪುರ, ಜತ್ತ ಕಡೆಯ ಸ್ನೇಹಿತರಿಗೆ ಇದು ಹೊಸದಲ್ಲ. ಸಕ್ಕರೆ ಕಾರ್ಖಾನೆಯ ಕೋ-ಜನರೇಷನ್ ಘಟಕದಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಬಂದ ಹಬೆಯಿಂದ ವಿದ್ಯುತ್ತೂ ಆಗ್ತದೆ, ಅದೇ ಹಬೆಯಿಂದ ಕಬ್ಬಿನ ಹಾಲೂ ಕಾಯ್ತದೆ. ಅಲ್ಲಿ ಶಾಖ ಕಾರ್ಖಾನೆಯ ಒಳಗೇ ಮುಗೀತದೆ, ಇಲ್ಲಿ ಊರಿಗೆ ಹೋಗ್ತದೆ.

ಆದರೆ ಒಂದು ಷರತ್ತು ಉಂಟು. ಕೊಳವೆಜಾಲಕ್ಕೆ ತಗಲುವ ಖರ್ಚು ಸ್ಥಿರವಾದದ್ದು. ಸಾವಿರ ಮನೆ ಇದ್ದರೂ ಐನೂರು ಮನೆ ಇದ್ದರೂ ಕೊಳವೆ ಅಷ್ಟೇ ಉದ್ದ, ನೆಲದಲ್ಲಿ ಸೋರುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಜನ ಒಟ್ಟಾಗಿದ್ದರೆ ಅಗ್ಗ, ಚದುರಿದರೆ ದುಬಾರಿ. ಮುಂದೆ ಬರುವ ಎಲ್ಲ ಜಗಳಗಳ ಬೇರು ಇಲ್ಲೇ ಇದೆ.

3. ಸೋವಿಯತ್ ಕಾಲದ ಬಳುವಳಿ

ಸೋವಿಯತ್ ಒಕ್ಕೂಟದಲ್ಲಿ ಈ ವ್ಯವಸ್ಥೆಯ ಆರಂಭವನ್ನು 1924ರಿಂದ ಎಣಿಸುತ್ತಾರೆ. ಆ ವರ್ಷ ಲೆನಿನ್‌ಗ್ರಾದಿನ ಒಂದು ವಿದ್ಯುತ್ ಸ್ಥಾವರದಿಂದ ಫೊಂತಾಂಕಾ ದಂಡೆಯ ಕಟ್ಟಡಕ್ಕೆ ಶಾಖ ಹರಿಯಿತು. 1950ರ ದಶಕದ ಕೊನೆಗೆ ನಿಕಿತಾ ಕ್ರುಶ್ಚೇವ್ ಕಾಲದಲ್ಲಿ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಐದಂತಸ್ತಿನ ವಸತಿಗಳನ್ನು ಭರದಿಂದ ಕಟ್ಟತೊಡಗಿದರು. ಒಂದೇ ಅಚ್ಚಿನ ಮನೆಗಳು. 1975ರಲ್ಲಿ ಎಲ್ದಾರ್ ರ್ಯಾಜಾನೊವ್ ಮಾಡಿದ, 'ವಿಧಿಯ ವ್ಯಂಗ್ಯ' ಎಂಬರ್ಥದ ಹೆಸರಿನ ಚಿತ್ರದಲ್ಲಿ ಮಾಸ್ಕೋದ ನಾಯಕ ಕುಡಿದ ಅಮಲಿನಲ್ಲಿ ಲೆನಿನ್‌ಗ್ರಾದ್ ತಲುಪಿ, ಅದೇ ಹೆಸರಿನ ಬೀದಿಯ ಅದೇ ಸಂಖ್ಯೆಯ ಮನೆಗೆ ತನ್ನದೇ ಕೀಲಿಕೈ ಹಾಕಿ ಒಳಗೆ ಹೋಗ್ತಾನೆ. ಅದು ನಗೆಯ ಚಿತ್ರ. ಆದರೆ ಎಂಜಿನಿಯರ್ ದೃಷ್ಟಿಯಿಂದ ನೋಡಿದರೆ, ಹೀಗೆ ಒತ್ತೊತ್ತಾಗಿ ನಿಂತ ಏಕರೂಪದ ವಸತಿಗಳು ಸಮೂಹ ಶಾಖ ಪೂರೈಕೆಗೆ ಹೇಳಿ ಮಾಡಿಸಿದ ಹಾಗಿದ್ದವು.

ದೋಷ ಇದ್ದದ್ದು ಬೇರೆ ಕಡೆ. ಮನೆಯೊಳಗೆ ಶಾಖವನ್ನು ಹೆಚ್ಚುಕಡಿಮೆ ಮಾಡುವ ತಿರುಪು ಇರಲಿಲ್ಲ. ಎಷ್ಟೋ ಕಟ್ಟಡಗಳಲ್ಲಿ ಒಂದೇ ಲಂಬ ಕೊಳವೆ ಮೇಲಿನ ಮನೆಯಿಂದ ಕೆಳಗಿನ ಮನೆಗೆ ಸಾಲಾಗಿ ಇಳಿಯುತ್ತಿತ್ತು. ಒಬ್ಬರು ಮುಚ್ಚಿದರೆ ಕೆಳಗಿನವರೆಲ್ಲ ನಡುಗಬೇಕು. ಮೀಟರ್ ಇರಲಿಲ್ಲ. ಬಿಲ್ಲು ಮನೆಯ ಚದರ ಮೀಟರಿನ ಲೆಕ್ಕದಲ್ಲಿ, ಅದೂ ನಾಮಮಾತ್ರ. ಸೆಕೆಯಾದರೆ ಏನು ಮಾಡುವುದು? ಹೊರಗೆ ಹಿಮ ಬೀಳುತ್ತಿದ್ದರೂ ಕಿಟಕಿ ತೆರೆಯುವುದು. ಉಳಿಸಿದವರಿಗೆ ಲಾಭ ಇಲ್ಲ, ಪೋಲು ಮಾಡಿದವರಿಗೆ ನಷ್ಟ ಇಲ್ಲ. ಕರ್ನಾಟಕದಲ್ಲಿ ಮೀಟರಿಲ್ಲದ ಕೃಷಿ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ ಬಗ್ಗೆ ನಡೆಯುವ ವಾದವನ್ನು ಕೇಳಿದವರಿಗೆ ಈ ಸಮಸ್ಯೆಯ ಗುಣ ಕೂಡಲೇ ಗೊತ್ತಾಗ್ತದೆ.

4. ಕುಸಿತ: ಎರಡು ಬಗೆ

1991ರ ನಂತರ ಇಂಧನದ ಬೆಲೆ ಏರಿತು, ಸರ್ಕಾರಗಳ ಬೊಕ್ಕಸ ಬರಿದಾಯಿತು, ಜನರ ಸಂಬಳದ ಬೆಲೆ ಕರಗಿತು. ಶಾಖ ಕಂಪನಿಗೆ ಬಿಲ್ಲಿನ ಬಾಕಿ, ಕಂಪನಿಯಿಂದ ಗ್ಯಾಸ್ ಪೂರೈಸುವವರಿಗೆ ಬಾಕಿ. ಈ ಬಾಕಿಯ ಸರಪಳಿಯಲ್ಲಿ ಮೊದಲು ನಿಂತದ್ದು ದುರಸ್ತಿ.

ಅರ್ಮೇನಿಯಾದ್ದು ಕುಸಿತದ ಅತಿ ಕಠೋರ ರೂಪ. 1988ರ ಭೂಕಂಪದ ನಂತರ, 1989ರಲ್ಲಿ ಅಲ್ಲಿನ ಮೆತ್ಸಮೋರ್ ಅಣು ವಿದ್ಯುತ್ ಸ್ಥಾವರವನ್ನು ಮುಚ್ಚಿದರು. ನಾಗೋರ್ನೊ ಕರಬಾಖ್ ಯುದ್ಧದಿಂದಾಗಿ ಅಜರ್‌ಬೈಜಾನಿನ ಕಡೆಯಿಂದ ಗ್ಯಾಸ್ ನಿಂತಿತು. 1992ರಿಂದ 1995ರವರೆಗಿನ ಚಳಿಗಾಲಗಳಲ್ಲಿ ಯೆರೆವಾನಿನ ರೇಡಿಯೇಟರುಗಳು ತಣ್ಣಗಿದ್ದವು. ಜನ ಬಹುಮಹಡಿ ಮನೆಯೊಳಗೇ ತಗಡಿನ ಒಲೆ ಇಟ್ಟು, ಕಿಟಕಿಯಿಂದ ಹೊಗೆಕೊಳವೆ ಹೊರಗೆ ಬಿಟ್ಟರು. ಉದ್ಯಾನದ ಮರಗಳನ್ನು ಕಡಿದು ಉರಿಸಿದರು. 1995ರಲ್ಲಿ ಅಣು ಸ್ಥಾವರ ಮತ್ತೆ ಶುರುವಾಗಿ ವಿದ್ಯುತ್ ಬಂದರೂ ಸಮೂಹ ಶಾಖದ ಜಾಲ ಮತ್ತೆ ಏಳಲಿಲ್ಲ. ಜಾರ್ಜಿಯಾದ ತ್ಬಿಲಿಸಿಯಲ್ಲೂ ಹೀಗೇ ಆಯಿತು.

ಇನ್ನೊಂದು ಬಗೆ ನಿಧಾನದ್ದು. ರೊಮೇನಿಯಾದಲ್ಲಿ ಜಾಲ ಒಮ್ಮೆಲೇ ನಿಲ್ಲಲಿಲ್ಲ, ಜನ ಬಿಟ್ಟುಹೋದರು. ದರ ಏರಿತು, ಬಿಸಿ ಸರಿಯಾಗಿ ಬರಲಿಲ್ಲ, ಕೈಲಿ ದುಡ್ಡಿದ್ದವರು ಗೋಡೆಗೆ ಸ್ವಂತ ಗ್ಯಾಸ್ ಬಾಯ್ಲರ್ ತಗಲಿಸಿಕೊಂಡರು. ಉಳಿದವರ ತಲೆಯ ಮೇಲೆ ಸ್ಥಿರ ಖರ್ಚಿನ ಹೊರೆ ಹೆಚ್ಚಿತು, ದರ ಮತ್ತೆ ಏರಿತು, ಇನ್ನಷ್ಟು ಜನ ಬಿಟ್ಟರು. ಮುನ್ನೂರಕ್ಕೂ ಹೆಚ್ಚು ಊರುಗಳಲ್ಲಿದ್ದ ವ್ಯವಸ್ಥೆ ಮೂರು ದಶಕದಲ್ಲಿ ನೂರಕ್ಕಿಂತ ಕಡಿಮೆ ಊರಿಗೆ ಇಳಿಯಿತು. ಕೊನೆಗೆ ಕೊಳವೆಯಲ್ಲಿ ಉಳಿಯುವವರು ಯಾರು? ಬಾಯ್ಲರ್ ಕೊಳ್ಳಲಾಗದ ಪಿಂಚಣಿದಾರರು, ಬಡವರು. ಎಲ್ಲರಿಗಿಂತ ಕಡಿಮೆ ಆದಾಯದವರು ಎಲ್ಲರಿಗಿಂತ ದುಬಾರಿ ಶಾಖ ಕೊಳ್ಳುವ ಸ್ಥಿತಿ.

ದುರಸ್ತಿ ಮುಂದೂಡಿದರೆ ಏನಾಗ್ತದೆ ಎಂಬುದಕ್ಕೆ ಉಕ್ರೇನಿನ ಅಲ್ಚೆವ್ಸ್ಕ್ ಸಾಕ್ಷಿ. 2006ರ ಜನವರಿಯ ಕಡು ಚಳಿಯಲ್ಲಿ ಮುಖ್ಯ ಕೊಳವೆ ಒಡೆಯಿತು. ಹರಿವು ನಿಂತ ನೀರು ಮನೆಗಳೊಳಗೆ ಹೆಪ್ಪುಗಟ್ಟಿ ರೇಡಿಯೇಟರುಗಳನ್ನೇ ಸೀಳಿತು. ಮಕ್ಕಳನ್ನು ಬೇರೆ ಊರುಗಳಿಗೆ ಕಳಿಸಬೇಕಾಯಿತು, ಪೂರೈಕೆ ಮರಳಲು ವಾರಗಳೇ ಬೇಕಾದವು. 2022ರ ನವೆಂಬರಿನಲ್ಲಿ ಕಜಾಕ್‌ಸ್ತಾನದ ಎಕಿಬಾಸ್ತುಜ್‌ನಲ್ಲಿ ಸ್ಥಾವರ ಕೆಟ್ಟು ತುರ್ತು ಪರಿಸ್ಥಿತಿ ಘೋಷಿಸಿದರು. ಆ ಊರಿನ ಪಕ್ಕದಲ್ಲೇ ಬೃಹತ್ ಕಲ್ಲಿದ್ದಲು ಗಣಿ ಉಂಟು. ಕಲ್ಲಿದ್ದಲಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ವರ್ಷಗಟ್ಟಲೆ ಕಡಿಮೆ ದರದ ನೆಪದಲ್ಲಿ ಮಾಡದೆ ಬಿಟ್ಟ ದುರಸ್ತಿಗೆ.

5. ನೀತಿಯ ನಾಲ್ಕು ಪ್ರಶ್ನೆಗಳು

ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2004ರಲ್ಲಿ ಈ ವಿಷಯದ ಮೇಲೆಯೇ ಒಂದು ವರದಿ ಪ್ರಕಟಿಸಿತು. ಅದರ ನಂತರದ ಇಪ್ಪತ್ತು ವರ್ಷಗಳ ಬೆಳವಣಿಗೆಯನ್ನೂ ಸೇರಿಸಿ ನೋಡಿದರೆ ಸರ್ಕಾರದ ಮುಂದೆ ನಾಲ್ಕು ಪ್ರಶ್ನೆಗಳು ಕಾಣುತ್ತವೆ.

ಒಂದು, ಬೆಲೆ. ಶಾಖದ ಜಾಲ ಊರಿಗೆ ಒಂದೇ, ಹಾಗಾಗಿ ಏಕಸ್ವಾಮ್ಯ. ದರವನ್ನು ಆಯೋಗ ಗೊತ್ತುಮಾಡಬೇಕು. ಹಳೆಯ ಕ್ರಮದಲ್ಲಿ ಖರ್ಚು ಎಷ್ಟು ತೋರಿಸಿದರೋ ಅಷ್ಟಕ್ಕೆ ಲಾಭದ ಶೇಕಡಾವಾರು ಸೇರಿಸಿ ದರ ಕೊಡುತ್ತಿದ್ದರು. ಇದರಲ್ಲಿ ಸೋರಿಕೆ ನಿಲ್ಲಿಸಿದ ಕಂಪನಿಗೆ ಆದಾಯವೇ ಕಡಿಮೆಯಾಗ್ತದೆ! ಪೋಲೆಂಡ್ 1997ರ ಇಂಧನ ಕಾಯಿದೆಯಿಂದ ಸ್ವತಂತ್ರ ನಿಯಂತ್ರಣ ಕಚೇರಿ ಸ್ಥಾಪಿಸಿ, ಮನೆಬಳಕೆಯ ಶಾಖದ ಸಬ್ಸಿಡಿಯನ್ನು ಒಮ್ಮೆಗೇ ಕಡಿಯದೆ ಆ ದಶಕದುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿತು. ರಷ್ಯಾ 2017ರಲ್ಲಿ 'ಪರ್ಯಾಯ ಬಾಯ್ಲರ್' ಎಂಬ ವಿಧಾನ ತಂದಿತು. ಗ್ರಾಹಕ ತಾನೇ ಹೊಸ ಬಾಯ್ಲರ್ ಕಟ್ಟಿಕೊಂಡಿದ್ದರೆ ಶಾಖಕ್ಕೆ ಎಷ್ಟು ಬೀಳುತ್ತಿತ್ತು ಎಂದು ಲೆಕ್ಕ ಹಾಕಿ ಅದನ್ನು ಗರಿಷ್ಠ ಮಿತಿ ಮಾಡುವುದು. ಅದರೊಳಗೆ ಉಳಿಸಿದ್ದು ಕಂಪನಿಗೆ.

ಎರಡು, ಮೀಟರ್ ಮತ್ತು ತಿರುಪು. ಕಟ್ಟಡಕ್ಕೊಂದು ಶಾಖ ಮೀಟರ್, ಹೊರಗಿನ ಹವೆ ನೋಡಿ ತಾನೇ ಹೊಂದಿಸಿಕೊಳ್ಳುವ ಉಪಕೇಂದ್ರ, ರೇಡಿಯೇಟರಿಗೆ ತಿರುಪು. ಇವು ಬಂದ ಮೇಲೆ ಮಾತ್ರ 'ಉಳಿಸಿ' ಎಂಬ ಮಾತಿಗೆ ಅರ್ಥ. ಯುರೋಪಿಯನ್ ಒಕ್ಕೂಟದ 2012ರ ಇಂಧನ ದಕ್ಷತೆಯ ನಿರ್ದೇಶನ ಇದನ್ನು ಸದಸ್ಯ ದೇಶಗಳಿಗೆ ಕಡ್ಡಾಯದ ಕಡೆಗೆ ಒಯ್ದಿತು. ಉಕ್ರೇನ್ 2017ರಲ್ಲಿ ಕಟ್ಟಡಗಳ ಮೀಟರಿಗೆ ಪ್ರತ್ಯೇಕ ಕಾಯಿದೆ ಮಾಡಿತು. ಮೀಟರಿನ ಜತೆಗೆ ಗೋಡೆಗೂ ಹೊದಿಕೆ ಬೇಕು. ಪೋಲೆಂಡಿನ 1998ರ ಕಾಯಿದೆಯಲ್ಲಿ ಕಟ್ಟಡ ಸುಧಾರಿಸಲು ಸಾಲ ಪಡೆದವರಿಗೆ ಸಾಲದ ಕಾಲುಭಾಗವನ್ನು ಸರ್ಕಾರವೇ ತೀರಿಸುವ ಏರ್ಪಾಡಿತ್ತು. ಶಾಖಕ್ಕೆ ಸಬ್ಸಿಡಿ ಕೊಟ್ಟರೆ ಆ ದುಡ್ಡು ಚಳಿಗಾಲದ ಜತೆ ಮುಗೀತದೆ, ಗೋಡೆಗೆ ಕೊಟ್ಟರೆ ಮೂವತ್ತು ಚಳಿಗಾಲ ಕಾಯ್ತದೆ.

ಮೂರು, ಬಿಟ್ಟುಹೋಗುವ ಹಕ್ಕು. ಇದು ನನಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಅನ್ನಿಸ್ತದೆ. ನನ್ನ ಮನೆಗೆ ಬೇಡ ಎನ್ನುವ ಸ್ವಾತಂತ್ರ್ಯ ನನಗೆ ಇರಬೇಡವೇ? ಆದರೆ ಮೂರನೇ ಮಹಡಿಯ ಮಧ್ಯದ ಮನೆಯವರು ರೇಡಿಯೇಟರ್ ಕಿತ್ತರೂ ಮೇಲೆ, ಕೆಳಗೆ, ಅಕ್ಕಪಕ್ಕದ ಮನೆಗಳ ಬಿಸಿ ಗೋಡೆಯ ಮೂಲಕ ಬರ್ತದೆ. ಅವರು ಕೊಡದ ದುಡ್ಡನ್ನು ನೆರೆಯವರು ಕೊಡ್ತಾರೆ. ಎಸ್ತೋನಿಯಾ 2003ರ ಕಾಯಿದೆಯಲ್ಲಿ, ಯಾವ ಬಡಾವಣೆ ಸಮೂಹ ಶಾಖದ ವಲಯ ಎಂದು ಗೊತ್ತುಮಾಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಆ ವಲಯದೊಳಗೆ ಮನಸ್ಸಿಗೆ ಬಂದಂತೆ ಬಿಟ್ಟುಹೋಗುವ ಹಾಗಿಲ್ಲ. ಬಲ್ಗೇರಿಯಾದಲ್ಲಿ, ರೇಡಿಯೇಟರ್ ಮುಚ್ಚಿದವರೂ ಕಟ್ಟಡದ ಒಳಗಿನ ಕೊಳವೆಗಳು ಹೊರಬಿಡುವ ಶಾಖಕ್ಕೆ ದುಡ್ಡು ಕೊಡಬೇಕೇ ಎಂಬ ವಿವಾದ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2019ರ ಡಿಸೆಂಬರಿನಲ್ಲಿ ನ್ಯಾಯಾಲಯ, ಹಾಗೆ ಪಾಲು ಕೇಳುವ ದೇಶೀಯ ಕಾನೂನು ಒಕ್ಕೂಟದ ನಿಯಮಕ್ಕೆ ವಿರುದ್ಧವಲ್ಲ ಎಂದಿತು. ಕಾನೂನಿನ ಉತ್ತರ ಸಿಕ್ಕಿತು, ಜನರ ಅಸಮಾಧಾನಕ್ಕೆ ಅಲ್ಲ. ಕೆಟ್ಟ ಸೇವೆ ಕೊಡುವ ಏಕಸ್ವಾಮ್ಯಕ್ಕೆ ಗ್ರಾಹಕರನ್ನು ಕಟ್ಟಿಹಾಕಿದರೆ ಆ ಕಂಪನಿ ಸುಧಾರಿಸುವುದು ಯಾಕೆ? ಆದ್ದರಿಂದ ಬಿಟ್ಟುಹೋಗುವುದನ್ನು ನಿರ್ಬಂಧಿಸುವ ಸರ್ಕಾರ ಸೇವೆಯ ಗುಣಮಟ್ಟಕ್ಕೂ ಹೊಣೆ ಹೊರಬೇಕು.

ನಾಲ್ಕು, ಒಡೆತನ ಮತ್ತು ಇಂಧನ. ಪೋಲೆಂಡಿನಲ್ಲಿ 1990ರ ನಂತರ ಶಾಖ ಸಂಸ್ಥೆಗಳು ನಗರಸಭೆಗಳ ಕೈಗೆ ಬಂದವು. ಲಿಥುವೇನಿಯಾದ ವಿಲ್ನಿಯಸ್ 2002ರಲ್ಲಿ ತನ್ನ ಜಾಲವನ್ನು ಹದಿನೈದು ವರ್ಷಕ್ಕೆ ಫ್ರಾನ್ಸಿನ ದಾಲ್ಕಿಯಾ ಕಂಪನಿಗೆ ಗುತ್ತಿಗೆಗೆ ಕೊಟ್ಟು, 2017ರಲ್ಲಿ ಮರಳಿ ಪಡೆಯಿತು. ಒಡೆಯರು ಯಾರು ಎಂಬುದರಷ್ಟೇ ಮುಖ್ಯ ಒಲೆಗೆ ಏನು ಹಾಕುತ್ತಾರೆ ಎಂಬುದು. ಲಿಥುವೇನಿಯಾ 2014ರವರೆಗೆ ಗ್ಯಾಸಿಗೆ ಒಂದೇ ಮಾರಾಟಗಾರನನ್ನು, ರಷ್ಯಾದ ಗಾಜ್‌ಪ್ರೋಮನ್ನು, ನೆಚ್ಚಿಕೊಂಡಿತ್ತು. ಶಾಖ ಸ್ಥಾವರಗಳನ್ನು ಕಟ್ಟಿಗೆ ಚೂರಿಗೆ ಬದಲಿಸಿ, ಆ ಚೂರನ್ನು ಬಹಿರಂಗವಾಗಿ ಕೊಂಡು ಮಾರಲು ಒಂದು ವಿನಿಮಯ ಕೇಂದ್ರ ಮಾಡಿ, ಇವತ್ತು ಸಮೂಹ ಶಾಖದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಸ್ವಂತ ನೆಲದ ಇಂಧನದಿಂದ ಮಾಡಿಕೊಳ್ಳುತ್ತಿದೆ. ಮನೆಮನೆಗೂ ಗ್ಯಾಸ್ ಬಾಯ್ಲರ್ ಬಂದಿದ್ದರೆ ಈ ಬದಲಾವಣೆ ಇಷ್ಟು ಸುಲಭ ಇರಲಿಲ್ಲ. ಸಾವಿರ ಒಲೆಗಿಂತ ಒಂದು ಒಲೆಯ ಸೌದೆ ಬದಲಿಸುವುದು ಹಗುರ. ಪೋಲೆಂಡ್ ದರದಲ್ಲಿ ಗೆದ್ದರೂ ಇಲ್ಲಿ ಹಿಂದೆ ಬಿದ್ದಿದೆ. ಅಲ್ಲಿ ಕಲ್ಲಿದ್ದಲಿನ ಪಾಲೇ ಈಗಲೂ ದೊಡ್ಡದು.

6. ಕ್ರಮ ತಪ್ಪಿದರೆ

ಈ ನಾಲ್ಕನ್ನೂ ಎಲ್ಲ ದೇಶಗಳೂ ಯಾವಾಗಲೋ ಒಮ್ಮೆ ಮಾಡಿವೆ, ಮಾಡುತ್ತಿವೆ. ಫಲ ಬೇರೆ ಬೇರೆ ಬಂದದ್ದಕ್ಕೆ ಮುಖ್ಯ ಕಾರಣ ಅವುಗಳ ಅನುಕ್ರಮ ಎಂಬುದು ನನ್ನ ವಾದ. ಬಳಕೆಯನ್ನು ಕಡಿಮೆ ಮಾಡುವ ತಿರುಪು ಕೈಯಲ್ಲಿಲ್ಲದವರಿಗೆ ದರ ಏರಿಸಿದರೆ ಅದು ಬೆಲೆ ಅಲ್ಲ, ದಂಡ. ದಂಡದಿಂದ ತಪ್ಪಿಸಿಕೊಳ್ಳಲು ಎರಡೇ ದಾರಿ: ಬಿಲ್ಲು ಕಟ್ಟದಿರುವುದು, ಇಲ್ಲವೇ ಬಿಟ್ಟುಹೋಗುವುದು. ಎರಡೂ ಜಾಲವನ್ನು ಕೊಲ್ಲುತ್ತವೆ. ಹಾಗೆಂದು ಜನಪ್ರಿಯತೆಗಾಗಿ ದರ ಏರಿಸದೇ ಇದ್ದರೆ ಎಕಿಬಾಸ್ತುಜ್ ಆಗ್ತದೆ. ಆ ನಂತರ ಕಜಾಕ್‌ಸ್ತಾನ 2023ರಲ್ಲಿ ಹೂಡಿಕೆಗೆ ಬದಲಾಗಿ ದರ ಏರಿಕೆಯ ಕಾರ್ಯಕ್ರಮ ತಂದು, 2024ರಲ್ಲಿ ಶಾಖಕ್ಕೆಂದೇ ಕಾಯಿದೆ ಮಾಡಿತು.

ಬಡವರ ರಕ್ಷಣೆಗೂ ಇದೇ ಮಾತು. ಉಕ್ರೇನಿನಲ್ಲಿ 2014ರ ನಂತರ ದರ ತೀವ್ರವಾಗಿ ಏರಿದಾಗ ಲಕ್ಷಾಂತರ ಕುಟುಂಬಗಳಿಗೆ ಸಬ್ಸಿಡಿ ಕೊಟ್ಟರು. ಜನ ಉಳಿದರು, ಅದು ದೊಡ್ಡದು. ಆದರೆ ಆರಂಭದಲ್ಲಿ ಅದು ನಿಗದಿತ ಬಳಕೆಯ ಪ್ರಮಾಣಕ್ಕೆ ಅಂಟಿಕೊಂಡು ನೇರ ಕಂಪನಿಗೆ ಹೋಗುತ್ತಿದ್ದುದರಿಂದ ಕುಟುಂಬಕ್ಕೆ ಉಳಿಸುವ ಆಸೆ ಹುಟ್ಟಲಿಲ್ಲ. ದುಡ್ಡನ್ನೇ ಕುಟುಂಬದ ಕೈಗೆ ಕೊಡುವ ಬದಲಾವಣೆ ಆಮೇಲೆ ಬಂತು. ಮೊದಲು ತಿರುಪು, ಮೀಟರ್. ಜತೆಯಲ್ಲೇ ಬಡವರಿಗೆ ನೇರ ನೆರವು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಜವಾದ ದರ. ಇದು ಬಿಟ್ಟು ಬೇರೆ ಕ್ರಮ ನಡೆದ ಕಡೆ ಬೆಲೆ ತೆತ್ತವರು ಕೆಳಗಿನವರು.

ಸಂವಾದ

ಒಬ್ಬ ಅಧ್ಯಾಪಕರು: ಸೋವಿಯತ್ ವ್ಯವಸ್ಥೆಯಲ್ಲಿ ಸಮಾನತೆ ಇತ್ತಲ್ಲ? ನೀವು ದೋಷವನ್ನೇ ಹೆಚ್ಚು ಹೇಳಿದಿರಿ.

ಉತ್ತರ: ಹೌದು ಸರ್, ಸಮಾನತೆ ಇತ್ತು, ಅದು ಸಣ್ಣ ಮಾತಲ್ಲ. ಕಾರ್ಮಿಕರ ಮನೆಗೂ ಅಧಿಕಾರಿಯ ಮನೆಗೂ ಒಂದೇ ಕೊಳವೆಯ ನೀರು. ನಾನು ಆ ಒಟ್ಟುಗೂಡುವಿಕೆಯ ಪರವಾಗಿಯೇ ವಾದಿಸುತ್ತಿದ್ದೇನೆ. ಆದರೆ ಪಾಲುದಾರರಿಗೆ ಲೆಕ್ಕ ನೋಡುವ ಹಕ್ಕು ಇರಲಿಲ್ಲ. ಲೆಕ್ಕ ಇಲ್ಲದ ಒಟ್ಟು ಕುಟುಂಬ ಎಷ್ಟು ದಿನ ನಡೆದೀತು?

ನೀಲಗಿರಿಯ ಸಹಪಾಠಿ: ಊಟಿ, ಕೂನೂರಿನ ಚಳಿಗೆ ಇದು ಬೇಕಾ?

ಉತ್ತರ: ಬೇಡ. ನಿಮ್ಮಲ್ಲಿ ಮನೆಗಳು ಗುಡ್ಡದ ಮೇಲೆ ಚದುರಿವೆ, ಚಳಿಯೂ ತಿಂಗಳುಗಟ್ಟಲೆ ಸೊನ್ನೆಗಿಂತ ಕೆಳಗೆ ಇರುವುದಿಲ್ಲ. ಕೊಳವೆಯ ಖರ್ಚು ಹುಟ್ಟುವುದಿಲ್ಲ. ನಮ್ಮ ದೇಶಕ್ಕೆ ಹತ್ತಿರದ್ದು ಇದರ ತಮ್ಮ, ಅಂದರೆ ಸಮೂಹ ತಂಪು ಪೂರೈಕೆ. ಗುಜರಾತಿನ ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿ ಒಂದು ಕಡೆ ನೀರು ತಣಿಸಿ ಕಟ್ಟಡಗಳಿಗೆ ಹಂಚುತ್ತಾರೆ. ಅಲ್ಲಿಯೂ ಇವೇ ಪ್ರಶ್ನೆಗಳು ಏಳುತ್ತವೆ: ದರ ಯಾರು ಗೊತ್ತುಮಾಡುವುದು, ಮೀಟರ್ ಎಲ್ಲಿ, ಸೇರದವರನ್ನು ಏನು ಮಾಡುವುದು.

ಹೊಸೂರಿನ ಸಹಪಾಠಿ: 'ಸಮೂಹ ಶಾಖ' ಅನ್ನುವ ಪದ ನಿಲ್ಲುತ್ತಾ?

ಉತ್ತರ: ಬಳಸಿದರೆ ನಿಲ್ತದೆ. ಇದಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಇದನ್ನು ಬಿಡಲಿಕ್ಕೆ ನನಗೇನೂ ಬೇಸರ ಇಲ್ಲ. ಈ ಚರ್ಚೆ ಒಂದೂವರೆ ಗಂಟೆ ಕನ್ನಡದಲ್ಲಿ ನಡೆಯಿತಲ್ಲ, ನನಗೆ ಅದು ಮುಖ್ಯ.